ಗೆರೆ ದಾಟಿದ ಚೆಂಡು

2024ರ ಜೂನ್ 11ರ ರಾತ್ರಿ ನಾನೂ ನನ್ನ ಅಕ್ಕನ ಮಗನೂ ಒಂದೇ ಮೊಬೈಲಿನ ಮೇಲೆ ಬಗ್ಗಿ ಕುಳಿತಿದ್ದೆವು. ದೋಹಾದಲ್ಲಿ ಭಾರತ ಮತ್ತು ಕತಾರ್ ತಂಡಗಳ ನಡುವೆ ವಿಶ್ವಕಪ್ ಅರ್ಹತಾ ಪಂದ್ಯ ನಡೆಯುತ್ತಿತ್ತು. ಐದು ದಿನಗಳ ಹಿಂದಷ್ಟೇ ಸುನಿಲ್ ಛೆಟ್ರಿ ಕೋಲ್ಕತ್ತಾದಲ್ಲಿ ಕಣ್ಣೀರಿಟ್ಟು ವಿದಾಯ ಹೇಳಿದ್ದರು. (ಮರುವರ್ಷ ಮತ್ತೆ ತಂಡಕ್ಕೆ ಬಂದರು, ಅದು ಬೇರೆ ಮಾತು.) ಛೆಟ್ರಿ ಇಲ್ಲದ ಭಾರತ ಏನು ಮಾಡೀತು ಎಂದು ನಾನು ಉದಾಸೀನದಿಂದಲೇ ನೋಡುತ್ತಿದ್ದೆ. ಆದರೆ 37ನೇ ನಿಮಿಷದಲ್ಲಿ ಮಿಜೋರಾಮಿನ ಹುಡುಗ ಛಾಂಗ್ಟೆ ಗೋಲು ಹೊಡೆದ. ಆ ಪಂದ್ಯ ಗೆದ್ದರೆ ಭಾರತ ಇತಿಹಾಸದಲ್ಲೇ ಮೊದಲ ಸಲ ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿಗೆ ಹೋಗುತ್ತಿತ್ತು. ಉದಾಸೀನ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ಇಬ್ಬರೂ ಎದ್ದು ನಿಂತೇ ನೋಡತೊಡಗಿದೆವು.

73ನೇ ನಿಮಿಷ. ಕತಾರಿನವರಿಗೆ ಒಂದು ಫ್ರೀಕಿಕ್. ಯೂಸುಫ್ ಅಯ್ಮನ್ ತಲೆಯಿಂದ ಚೆಂಡನ್ನು ಗೋಲಿನತ್ತ ತಳ್ಳಿದ. ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ಬಿದ್ದು ತಡೆದರು. ಚೆಂಡು ಅವರ ಮೈಯಡಿಯಿಂದ ಮೆಲ್ಲಗೆ ಉರುಳಿ ಗೋಲು ಕಂಬದ ಹೊರಬದಿಯಲ್ಲಿ ಅಂತಿಮ ಗೆರೆಯನ್ನು ದಾಟಿ ಆಚೆ ಹೋಯಿತು. ಆಟ ಅಲ್ಲಿಗೆ ನಿಲ್ಲಬೇಕು. ನಮ್ಮ ಆಟಗಾರರು ನಿಂತೂಬಿಟ್ಟರು. ಅಷ್ಟರಲ್ಲಿ ಕತಾರಿನ ಇನ್ನೊಬ್ಬ ಆಟಗಾರ ಗೆರೆಯಾಚೆಗಿದ್ದ ಚೆಂಡನ್ನು ಕಾಲಿನಿಂದ ಒಳಗೆ ಎಳೆದ, ಅಯ್ಮನ್ ಅದನ್ನು ಬಲೆಗೆ ಒದ್ದ. ರೆಫರಿ ಗೋಲು ಎಂದರು. ಗುರುಪ್ರೀತ್ ಮತ್ತು ಸಂಗಡಿಗರು ಸುತ್ತುವರಿದು ಎಷ್ಟು ಹೇಳಿದರೂ ಗೋಲು ಗೋಲಾಗಿಯೇ ಉಳಿಯಿತು. 85ನೇ ನಿಮಿಷದಲ್ಲಿ ಕತಾರ್ ಇನ್ನೊಂದು ಗೋಲು ಹೊಡೆಯಿತು. ಅಲ್ಲಿಗೆ ಎಲ್ಲ ಮುಗಿಯಿತು.

ಪಂದ್ಯ ಮುಗಿಯುವ ಮೊದಲೇ ಆ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹಾರಾಡತೊಡಗಿತ್ತು. ಹುಡುಗ ಅದನ್ನು ಹತ್ತು ಸಲ ಓಡಿಸಿದ. ಬೆರಳಿನಿಂದ ಹಿಗ್ಗಿಸಿ, ಚೆಂಡಿಗೂ ಗೆರೆಗೂ ನಡುವೆ ಕಾಣುವ ಹಸಿರು ಹುಲ್ಲನ್ನು ನನಗೆ ತೋರಿಸಿದ. "ಮಾಮೂ, ಬಾಲ್ ಬಾಹರ್ ಹೈ ನಾ?" ಎಂದು ಕೇಳಿದ. ಹೌದು, ಹೊರಗಿದೆ. "ನಮಗೆ ಇಲ್ಲಿ ಕೂತು ಕಾಣ್ತದೆ, ಅಲ್ಲೇ ನಿಂತವರಿಗೆ ಯಾಕೆ ಕಾಣಲಿಲ್ಲ?" ಅದಕ್ಕೆ ನನ್ನಲ್ಲಿ ಉತ್ತರವಿತ್ತು: ಮನುಷ್ಯರ ಕಣ್ಣು, ಒಮ್ಮೊಮ್ಮೆ ತಪ್ಪುತ್ತದೆ. ಅವನು ಬಿಡಲಿಲ್ಲ. "ಸರಿ, ಆಗ ಕಾಣಲಿಲ್ಲ. ಈಗ ಕಂಡಿದೆಯಲ್ಲ, ಈಗ ಯಾಕೆ ಸರಿ ಮಾಡಲ್ಲ?"

ಈ ಎರಡನೆಯ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ನಾನು ಕತೆ ಬರೆಯುವವನು, ಫುಟ್‌ಬಾಲ್ ಪಂಡಿತನಲ್ಲ. ಆದರೆ ಇಂದಿನ ಫುಟ್‌ಬಾಲ್ ಅಭಿಮಾನಿಯ ಸಿಟ್ಟಿನ ಮೂಲ ಈ ಪ್ರಶ್ನೆಯಲ್ಲೇ ಇದೆ ಎಂದು ನನಗನಿಸಿದೆ. ರೆಫರಿಯ ತಪ್ಪಿಗೆ ಕೂಗಾಡುವುದು ಹಳೆಯ ಚಾಳಿ. ಕೂಗಾಡಿ ಮನೆಗೆ ಹೋಗುತ್ತಿದ್ದರು, ಮರುವಾರ ಮತ್ತೆ ಬರುತ್ತಿದ್ದರು. ಈಗಿನ ಸಿಟ್ಟು ಬೇರೆ ಜಾತಿಯದು. ಸತ್ಯ ಎಲ್ಲರ ಅಂಗೈಯಲ್ಲಿ ಓಡುತ್ತಿರುವಾಗ ತೀರ್ಪು ಮಾತ್ರ ಅದರ ಕಡೆ ತಿರುಗಿಯೂ ನೋಡದಿದ್ದರೆ ಹುಟ್ಟುವ ಸಿಟ್ಟು ಇದು.

ದೋಹಾದ ಆ ರಾತ್ರಿಗೆ ಒಂದೂವರೆ ವರ್ಷ ಹಿಂದಕ್ಕೆ ಹೋಗೋಣ. ಊರು ಅದೇ. 2022ರ ವಿಶ್ವಕಪ್. ಡಿಸೆಂಬರ್ 1ರಂದು ಜಪಾನ್ ಮತ್ತು ಸ್ಪೇನ್ ನಡುವಿನ ಪಂದ್ಯದಲ್ಲಿ ಅಂತಿಮ ಗೆರೆಯ ಬಳಿ ಜಪಾನಿನ ಮಿತೋಮ ಜಾರಿಬಿದ್ದು ಚೆಂಡನ್ನು ಒಳಕ್ಕೆ ತಳ್ಳಿದ, ತನಾಕ ಗೋಲು ಹೊಡೆದ. ಬರಿಗಣ್ಣಿಗೆ ಚೆಂಡು ಹೊರಗೆ ಹೋದಂತೆಯೇ ಕಂಡಿತ್ತು. ಟಿವಿಯ ಮುಂದಿದ್ದ ನಾವೆಲ್ಲ ಹೊರಗೆ ಎಂದೇ ಕೂಗಿದ್ದೆವು. ವಿಡಿಯೊ ಸಹಾಯಕ ರೆಫರಿಗಳು, ಅಂದರೆ ಎಲ್ಲರ ಬಾಯಲ್ಲಿರುವ ವಿಎಆರ್, ಗೆರೆಯ ನೇರಕ್ಕಿದ್ದ ಕ್ಯಾಮರಾಗಳಲ್ಲಿ ನೋಡಿ, ಚೆಂಡಿನ ಉಬ್ಬಿನ ಒಂದಂಚು ಇನ್ನೂ ಗೆರೆಯ ಮೇಲಿದೆ ಎಂದು ಗೋಲನ್ನು ಎತ್ತಿಹಿಡಿದರು. ಎರಡು ಮಿಲಿಮೀಟರಿಗೂ ಕಡಿಮೆ ಅಂತರ ಎಂದು ಪತ್ರಿಕೆಗಳು ಬರೆದವು. ಜಪಾನ್ ಗೆದ್ದಿತು, ಜರ್ಮನಿ ಗಂಟುಮೂಟೆ ಕಟ್ಟಿತು. ಜಗತ್ತೆಲ್ಲ ಅನುಮಾನಪಟ್ಟಾಗ ಫಿಫಾ ಆ ಕೋನದ ಚಿತ್ರಗಳನ್ನು ಹೊರಗೆ ಬಿಟ್ಟು, ನೋಡಿ, ಹೀಗಿದೆ ಎಂದು ವಿವರಿಸಿತು. ಆ ವಿಶ್ವಕಪ್ಪಿನ ಚೆಂಡಿನೊಳಗೆ ಸೆಕೆಂಡಿಗೆ 500 ಸಲ ಮಿಡಿಯುವ ಒಂದು ಸೆನ್ಸರ್ ಇತ್ತು. ಮಾಡಿನಡಿ 12 ಕ್ಯಾಮರಾಗಳು ಪ್ರತಿ ಆಟಗಾರನ ದೇಹದ 29 ಬಿಂದುಗಳನ್ನು ಎಣಿಸುತ್ತಿದ್ದವು.

ಅದೇ ಊರಿನಲ್ಲಿ ಭಾರತದ ಸರದಿ ಬಂದಾಗ ಸೆನ್ಸರೂ ಇಲ್ಲ, ವಿಎಆರೂ ಇಲ್ಲ. ಏಷ್ಯಾದ ಅರ್ಹತಾ ಪಂದ್ಯಗಳ ಎರಡನೆಯ ಸುತ್ತಿನಲ್ಲಿ ವಿಎಆರ್ ಬಳಸುವ ಪದ್ಧತಿಯೇ ಇರಲಿಲ್ಲ. ಮೂರನೆಯ ಸುತ್ತಿಗೆ ಹೋದವರಿಗೆ ಅದು ಉಂಟು. ಮೂರನೆಯ ಸುತ್ತಿಗೆ ಹೋಗಲು ಮಾತ್ರ ಅದಿಲ್ಲದೆಯೇ ದಾಟಬೇಕು! ದೊಡ್ಡವರ ಎರಡು ಮಿಲಿಮೀಟರಿಗೆ ಅಷ್ಟೊಂದು ಕಣ್ಣು, ಬಡವರ ಗೇಣುದ್ದಕ್ಕೆ ಒಂದು ಕಣ್ಣೂ ಇಲ್ಲ. ಪ್ರಸಾರಕ್ಕೆಂದು ಕ್ಯಾಮರಾಗಳಂತೂ ಅಲ್ಲಿದ್ದವು, ಅದರಿಂದಲೇ ತಾನೆ ಹುಡುಗನ ಮೊಬೈಲಿಗೆ ಆ ದೃಶ್ಯ ಬಂದದ್ದು. ಆ ಕ್ಯಾಮರಾಗಳನ್ನು ನೋಡುವ ಅಧಿಕಾರ ರೆಫರಿಗೆ ಇರಲಿಲ್ಲ. ಭಾರತೀಯ ಫುಟ್‌ಬಾಲ್ ಒಕ್ಕೂಟ ದೂರು ಕೊಟ್ಟು ತನಿಖೆ ಆಗಲಿ ಎಂದಿತು. ಫಲಿತಾಂಶ ಹಾಗೆಯೇ ಉಳಿಯಿತು. ಒಂದು ವಾರದೊಳಗೆ ನಮ್ಮ ಕೋಚ್ ಇಗೊರ್ ಸ್ಟಿಮಾಚ್ ಕೆಲಸ ಕಳೆದುಕೊಂಡರು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಅವರನ್ನು ನಾನು ಸಮರ್ಥಿಸಲು ಹೊರಟಿಲ್ಲ.

ಇಲ್ಲಿ ಕೆಲವರು ಅಡ್ಡಬಾಯಿ ಹಾಕುತ್ತಾರೆ. ತಪ್ಪೂ ಆಟದ ಒಂದು ಭಾಗ, ತಪ್ಪಿಲ್ಲದ ಆಟದಲ್ಲಿ ರುಚಿಯೇನು ಎನ್ನುತ್ತಾರೆ. ಸಾಹಿತಿಗಳಿಗಂತೂ ಈ ವಾದ ಬಲು ಪ್ರಿಯ. ನನಗೂ ಒಂದು ಕಾಲಕ್ಕೆ ಪ್ರಿಯವಾಗಿತ್ತು. 1966ರ ವೆಂಬ್ಲಿ ಫೈನಲ್‌ನಲ್ಲಿ ಜೆಫ್ ಹರ್ಸ್ಟ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಕೆಳಗೆ ಬಿತ್ತು. ಒಳಗೋ ಹೊರಗೋ ಯಾರಿಗೂ ಗೊತ್ತಾಗಲಿಲ್ಲ. ರೆಫರಿ ಓಡಿಹೋಗಿ ಲೈನ್ಸ್‌ಮನ್‌ನನ್ನು ಕೇಳಿದರು. ಆತ ಗೋಲು ಎಂದು ಸನ್ನೆ ಮಾಡಿದ. ಇಂಗ್ಲೆಂಡ್ ವಿಶ್ವಕಪ್ ಗೆದ್ದಿತು. ಇಂಗ್ಲಿಷರು ಇಂದಿಗೂ ರಷ್ಯದ ಲೈನ್ಸ್‌ಮನ್ ಎಂದು ಕರೆಯುವ ಆ ಮನುಷ್ಯ ರಷ್ಯದವನಲ್ಲ, ಅಜರ್‌ಬೈಜಾನಿನ ತೌಫೀಕ್ ಬಹ್ರಾಮೊವ್. ಬಾಕು ನಗರದ ದೊಡ್ಡ ಕ್ರೀಡಾಂಗಣಕ್ಕೆ ಇವತ್ತು ಅವನ ಹೆಸರಿದೆ. ಇಪ್ಪತ್ತು ವರ್ಷಗಳ ನಂತರ ಮೆಕ್ಸಿಕೊದಲ್ಲಿ ಮರಡೋನಾ ಕೈಯಿಂದ ಗೋಲು ಹೊಡೆದಾಗ ಅದನ್ನು ಕಾಣದೆ ಹೋದವರು ಟ್ಯುನೀಶಿಯಾದ ರೆಫರಿ ಅಲಿ ಬಿನ್ನಾಸರ್. 2015ರಲ್ಲಿ ಮರಡೋನಾ ಅವರ ಮನೆ ಹುಡುಕಿಕೊಂಡು ಹೋಗಿ ಸಹಿ ಮಾಡಿದ ಜೆರ್ಸಿ ಕೊಟ್ಟು ಅಪ್ಪಿಕೊಂಡರು. ಅಂದಿನ ಚೆಂಡನ್ನು ಜೋಪಾನ ಮಾಡಿಟ್ಟಿದ್ದ ಅಲಿ 2022ರಲ್ಲಿ ಅದನ್ನು ಹರಾಜಿಗಿಟ್ಟಾಗ 20 ಲಕ್ಷ ಪೌಂಡಿಗೆ ಹೋಯಿತು.

ಎಷ್ಟು ಚೆಂದದ ಕತೆಗಳು! ಆದರೆ ಗಮನಿಸಿ: ಈ ಕತೆಗಳನ್ನು ಸವಿಯುವವರಲ್ಲಿ ಜರ್ಮನರು ಇಲ್ಲ, 1986ರ ಇಂಗ್ಲಿಷ್ ಗೋಲ್‌ಕೀಪರ್ ಪೀಟರ್ ಶಿಲ್ಟನ್ ಅಂತೂ ಇಲ್ಲವೇ ಇಲ್ಲ. ಇನ್ನೊಬ್ಬರ ಮನೆಯ ಸಾವು ನಮಗೆ ಒಳ್ಳೆಯ ಕತೆ. 2009ರ ನವೆಂಬರಿನಲ್ಲಿ ಪ್ಯಾರಿಸಿನಲ್ಲಿ ಫ್ರಾನ್ಸಿನ ಥಿಯರಿ ಆನ್ರಿ ಕೈಯಲ್ಲಿ ಚೆಂಡು ತಡೆದು ಗೋಲಿಗೆ ದಾರಿ ಮಾಡಿಕೊಟ್ಟಾಗ ಐರ್ಲೆಂಡ್ ವಿಶ್ವಕಪ್ ಕಳೆದುಕೊಂಡಿತು. ಅವರು ನ್ಯಾಯಾಲಯದ ಮೆಟ್ಟಿಲು ಹತ್ತದಿರಲಿ ಎಂದು ಫಿಫಾ ಅವರ ಸಂಸ್ಥೆಗೆ ಗುಟ್ಟಾಗಿ 50 ಲಕ್ಷ ಯೂರೊ ಕೊಟ್ಟದ್ದು 2015ರಲ್ಲಿ ಬಯಲಾಯಿತು. ತಪ್ಪು ಆಟದ ಭಾಗವೇ ಆಗಿದ್ದರೆ ಈ ದುಡ್ಡು ಯಾಕೆ? 2010ರಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಜರ್ಮನಿಯ ವಿರುದ್ಧ ಹೊಡೆದ ಚೆಂಡು ಗೆರೆಯಿಂದ ಅಷ್ಟು ಒಳಗೆ ಬಿದ್ದರೂ ಗೋಲು ಸಿಗಲಿಲ್ಲ. ಆಗ ಫಿಫಾ ಅಧ್ಯಕ್ಷರೇ ಕ್ಷಮೆ ಕೇಳಿದರು, 2012ರಲ್ಲಿ ಗೆರೆ ಕಾಯುವ ಯಂತ್ರಕ್ಕೆ ಒಪ್ಪಿಗೆ ಸಿಕ್ಕಿತು. 2018ರಲ್ಲಿ ವಿಎಆರ್ ಬಂತು. ಇನ್ನು ಜಗಳ ಮುಗಿಯಿತು ಎಂದುಕೊಂಡೆವು. ಮುಗಿಯಲಿಲ್ಲ, ಅದರ ಜಾಗ ಬದಲಾಯಿತು ಅಷ್ಟೆ.

ಹೇಗೆ ಎನ್ನುವುದಕ್ಕೆ ಅಮೆರಿಕದ ಕಡೆ ಒಮ್ಮೆ ನೋಡಬೇಕು. ರೀಪ್ಲೇ ಹುಟ್ಟಿದ್ದೇ ಅವರ ಫುಟ್‌ಬಾಲಿನಲ್ಲಿ. ಅದು ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ತಲೆಗೆ ಶಿರಸ್ತ್ರಾಣ ಹಾಕಿಕೊಂಡು ಗುದ್ದಾಡುತ್ತ ಓಡುವ ಆಟ. 1963ರ ಡಿಸೆಂಬರ್ 7ರಂದು ಸೇನೆ ಮತ್ತು ನೌಕಾದಳದ ಕಾಲೇಜುಗಳ ಪಂದ್ಯದಲ್ಲಿ ಟೋನಿ ವರ್ನಾ ಎಂಬ ನಿರ್ದೇಶಕ, ಆಗಷ್ಟೇ ಆದ ಆಟವನ್ನು ಟೇಪಿನಿಂದ ಮತ್ತೆ ತೋರಿಸಿದ. ಜನ ಗಾಬರಿಯಾಗಬಾರದೆಂದು ವೀಕ್ಷಕ ವಿವರಣೆಕಾರ, ಇದು ನೇರ ಪ್ರಸಾರವಲ್ಲ, ಸೇನೆಯವರು ಮತ್ತೊಮ್ಮೆ ಅಂಕ ಗಳಿಸಿಲ್ಲ ಎಂದು ಕೂಗಿ ಹೇಳಬೇಕಾಯಿತು. ಮನೆಯಲ್ಲಿ ಕೂತವನು ಅಂದಿನಿಂದ ಬರಿಯ ಪ್ರೇಕ್ಷಕನಾಗಿ ಉಳಿಯಲಿಲ್ಲ. ಸಾಕ್ಷಿಯಾದ. ಮೈದಾನದಲ್ಲಿರುವ ರೆಫರಿಗಿಂತ ಒಳ್ಳೆಯ ಸಾಕ್ಷಿ.

ಆ ಸಾಕ್ಷಿಯನ್ನು ಏನು ಮಾಡಬೇಕೆಂದು ಅವರ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಬಹುಕಾಲ ತಿಳಿಯಲಿಲ್ಲ. 1986ರಲ್ಲಿ ರೀಪ್ಲೇ ನೋಡಿ ತೀರ್ಪು ತಿದ್ದುವ ಪದ್ಧತಿ ತಂದರು, 1992ಕ್ಕೆ ಕೈಬಿಟ್ಟರು. 1998ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡದ ಆಟಗಾರನೊಬ್ಬನ ಶಿರಸ್ತ್ರಾಣ ಮಾತ್ರ ಗೆರೆ ದಾಟಿ, ಚೆಂಡು ಈಚೆಗೇ ಉಳಿದಿದ್ದಾಗ ಅಂಕ ಕೊಟ್ಟರು. ಸಿಯಾಟಲ್ ತಂಡ ಒಂದೇ ಅಂಕದಿಂದ ಸೋತಿತು. ಮರುವರ್ಷ ರೀಪ್ಲೇ ಮರಳಿ ಬಂತು. ಇಪ್ಪತ್ತು ವರ್ಷ ಕಳೆಯಿತು. 2019ರ ಜನವರಿ 20ರಂದು ನ್ಯೂ ಆರ್ಲಿಯನ್ಸ್‌ನಲ್ಲಿ, ಗೆದ್ದವರು ಸೂಪರ್ ಬೌಲ್ ಫೈನಲಿಗೆ ಹೋಗುವ ಪಂದ್ಯ. ಎರಡು ತಂಡಗಳೂ 20 ಅಂಕ. ಎರಡು ನಿಮಿಷಕ್ಕೂ ಕಡಿಮೆ ಉಳಿದಿದೆ. ಸ್ಥಳೀಯ ಸೇಂಟ್ಸ್ ತಂಡದ ಆಟಗಾರನಿಗೆ ಚೆಂಡು ತಲುಪುವ ಮೊದಲೇ ಎದುರಾಳಿ ರ‍್ಯಾಮ್ಸ್ ಆಟಗಾರ ಬಂದು ಅವನನ್ನು ಗುದ್ದಿ ಕೆಡವಿದ. ಅದು ಸ್ಪಷ್ಟ ಫೌಲ್. ಗುದ್ದಿದವನೇ ಆಮೇಲೆ ಒಪ್ಪಿಕೊಂಡ. ಹತ್ತಿರದಲ್ಲೇ ಇದ್ದ ರೆಫರಿಗಳು ಬಾವುಟ ಎಸೆಯಲಿಲ್ಲ. ಸೇಂಟ್ಸ್ ಸೋತಿತು.

ರೀಪ್ಲೇ ಇತ್ತಲ್ಲ? ಇತ್ತು. ಕ್ರೀಡಾಂಗಣದ ತುಂಬ ಕ್ಯಾಮರಾಗಳು, ನೋಡಲು ಅಧಿಕಾರಿಗಳು, ಎಲ್ಲವೂ ಇತ್ತು. ಆದರೆ ಆ ಬಗೆಯ ಫೌಲನ್ನು ರೀಪ್ಲೇ ನೋಡಿ ತಿದ್ದಬಹುದಾದ ಪಟ್ಟಿಯಲ್ಲಿ ಸೇರಿಸಿರಲಿಲ್ಲ. ತಪ್ಪಾಯಿತೆಂದು ಲೀಗಿನವರು ತಂಡದ ಕೋಚ್‌ಗೆ ಫೋನಿನಲ್ಲಿ ಒಪ್ಪಿಕೊಂಡರು. ಊರಿನ ಜನ ಸಿಟ್ಟಿನಿಂದ ಕೋರ್ಟಿಗೆ ಹೋದರು. ಲೂಯಿಸಿಯಾನದ ಸರ್ವೋಚ್ಚ ನ್ಯಾಯಾಲಯ ಆ ದಾವೆಯನ್ನು ಅದೇ ವರ್ಷ ವಜಾ ಮಾಡಿತು. ಸೂಪರ್ ಬೌಲ್ ದಿನ ಟಿವಿ ಹಚ್ಚದೆ, ಬೀದಿಯಲ್ಲಿ ವಾದ್ಯ ಬಾರಿಸಿ ಕುಣಿದು ತಮ್ಮ ಪ್ರತಿಭಟನೆ ತೋರಿಸಿದರು. ಲೀಗ್ ಮುಂದಿನ ಹಂಗಾಮಿಗೆ ಆ ಫೌಲನ್ನು ಪಟ್ಟಿಗೆ ಸೇರಿಸಿತು. ಆದರೆ ರೀಪ್ಲೇ ನೋಡುವವರು ಮೈದಾನದ ತೀರ್ಪನ್ನು ತಿದ್ದಲು ಎಷ್ಟು ಹಿಂಜರಿದರೆಂದರೆ ಒಂದೇ ವರ್ಷಕ್ಕೆ ಆ ನಿಯಮವನ್ನೂ ತೆಗೆದುಹಾಕಬೇಕಾಯಿತು.

ನಾವು ಬಳಸುವ ಉರ್ದುವಿನಲ್ಲಿ ಫೈಸಲಾ ಬೇರೆ, ಇನ್ಸಾಫ್ ಬೇರೆ. ಕನ್ನಡದಲ್ಲೂ ತೀರ್ಪು, ನ್ಯಾಯ ಎರಡು ಪದಗಳು. ರೆಫರಿ ಕೊಡುವುದು ಫೈಸಲಾ. ಅದರಲ್ಲಿ ಇನ್ಸಾಫ್ ಇರಲಿ ಎಂದು ನಾವು ಬಯಸುತ್ತೇವೆ, ಇಲ್ಲದಿದ್ದರೂ ಆಟ ಮುಂದೆ ಹೋಗಬೇಕಾದ್ದರಿಂದ ಒಪ್ಪಿಕೊಳ್ಳುತ್ತೇವೆ. ಈ ಒಪ್ಪಂದ ನೂರು ವರ್ಷ ನಡೆಯಿತು. ವಿಎಆರ್ ಬಂದು, ಇನ್ನು ಮೇಲೆ ಇನ್ಸಾಫನ್ನೇ ಕೊಡುತ್ತೇವೆ ಎಂದು ಮಾತು ಕೊಟ್ಟಿತು. ಮಾತು ಕೊಟ್ಟವರನ್ನು ಜನ ಬೇರೆ ಅಳತೆಗೋಲಿನಿಂದ ಅಳೆಯುತ್ತಾರೆ.

ಆ ಅಳತೆಯಲ್ಲಿ ವಿಎಆರ್ ಅತ್ಯಂತ ಕೀಳಾಗಿ ಬಿದ್ದದ್ದು 2023ರ ಸೆಪ್ಟೆಂಬರ್ 30ರಂದು, ಲಂಡನ್ನಿನಲ್ಲಿ. ಟಾಟನಮ್ ಮತ್ತು ಲಿವರ್‌ಪೂಲ್ ನಡುವಿನ ಪ್ರೀಮಿಯರ್ ಲೀಗ್ ಪಂದ್ಯ. ಇನ್ನೂ ಯಾರೂ ಗೋಲು ಹೊಡೆದಿಲ್ಲ. ಲಿವರ್‌ಪೂಲಿನ ಲೂಯಿಸ್ ಡಿಯಾಸ್ ಗೋಲು ಹೊಡೆದ. ಲೈನ್ಸ್‌ಮನ್ ಆಫ್‌ಸೈಡ್ ಎಂದು ಬಾವುಟ ಎತ್ತಿದ. ದೂರದ ಕೋಣೆಯಲ್ಲಿ ಕುಳಿತ ವಿಎಆರ್ ಅಧಿಕಾರಿ ತೆರೆಯ ಮೇಲೆ ಗೆರೆ ಎಳೆದು ನೋಡಿದ, ಡಿಯಾಸ್ ಆಫ್‌ಸೈಡ್ ಇಲ್ಲ. ಗೋಲು ಸರಿ. ಇಷ್ಟರತನಕ ಯಂತ್ರವೂ ಮನುಷ್ಯನೂ ಸರಿಯಾಗಿಯೇ ಕೆಲಸ ಮಾಡಿದ್ದಾರೆ. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಎಂದೇ ಆತನ ತಲೆಯಲ್ಲಿತ್ತು. ಹಾಗಾಗಿ, ಪರಿಶೀಲನೆ ಮುಗಿಯಿತು, ಎಲ್ಲ ಸರಿಯಿದೆ ಎಂದುಬಿಟ್ಟ. ಮೈದಾನದ ರೆಫರಿಗೆ ಅದು, ಆಫ್‌ಸೈಡ್ ತೀರ್ಪು ಸರಿಯಿದೆ ಎಂದು ಕೇಳಿಸಿತು. ಟಾಟನಮ್‌ನವರು ಫ್ರೀಕಿಕ್ ತೆಗೆದುಕೊಂಡು ಆಟ ಮುಂದುವರಿಸಿದರು.

ಲಿವರ್‌ಪೂಲ್‌ನವರ ಒತ್ತಾಯದ ಮೇಲೆ ಮೂರು ದಿನಗಳ ನಂತರ ಆ ಕೋಣೆಯ ಸಂಭಾಷಣೆಯನ್ನು ಬಿಡುಗಡೆ ಮಾಡಿದರು. ನಾನು ಅದನ್ನು ಕೇಳಿದೆ. ಒಬ್ಬ ಕತೆಗಾರ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. ಆಟ ಮತ್ತೆ ಶುರುವಾದ ಕೆಲವೇ ಸೆಕೆಂಡುಗಳಲ್ಲಿ, ರೀಪ್ಲೇ ಯಂತ್ರ ನಡೆಸುವ ಕೆಳಹಂತದ ನೌಕರನೇ ಮೊದಲು ಎಚ್ಚರಿಸುತ್ತಾನೆ: ಮೈದಾನದ ತೀರ್ಪು ಆಫ್‌ಸೈಡ್ ಆಗಿತ್ತು, ನಿಮಗೆ ಇದು ಒಪ್ಪಿಗೆಯೇ ಎಂದು. ಕೋಣೆಯಲ್ಲಿ ಒಂದು ಕ್ಷಣ ಮೌನ, ಆಮೇಲೆ ಗಾಬರಿ. ಆಟ ನಿಲ್ಲಿಸಿ ಎಂದು ಆ ನೌಕರ ಮತ್ತೆ ಮತ್ತೆ ಹೇಳುತ್ತಾನೆ. ಮೇಲಿನ ಅಧಿಕಾರಿಯ ಕಡೆಯಿಂದಲೂ ನಿಲ್ಲಿಸಲು ಸೂಚನೆ ಬಂದಿದೆ ಎನ್ನುತ್ತಾನೆ. ತೀರ್ಪು ಕೊಟ್ಟವನ ಉತ್ತರ ಒಂದೇ: ಆಟ ಮತ್ತೆ ಶುರುವಾಗಿದೆ, ಈಗ ಏನೂ ಮಾಡಲಾಗದು. ಅದನ್ನೇ ಮತ್ತೆ ಮತ್ತೆ ಹೇಳುತ್ತಾನೆ.

ನಿಯಮ ಅವನ ಪರವಾಗಿತ್ತು. ಒಮ್ಮೆ ಆಟ ಶುರುವಾದರೆ ಹಿಂದಿನ ತೀರ್ಪಿಗೆ ಹೋಗುವಂತಿಲ್ಲ ಎಂಬುದು ನಿಯಮ. ಆದರೆ ಆ ಕೋಣೆಯಲ್ಲಿ ಎಲ್ಲರಿಗೂ ಸತ್ಯ ಗೊತ್ತಿತ್ತು. ಪಂದ್ಯ ಇನ್ನೂ ಒಂದು ಗಂಟೆ ನಡೆಯುವುದಿತ್ತು. ಅಷ್ಟು ಹೊತ್ತೂ ಸುಳ್ಳನ್ನು ಸುಳ್ಳೆಂದು ತಿಳಿದೇ ನಡೆಯಲು ಬಿಟ್ಟರು. ಲಿವರ್‌ಪೂಲ್ ಕೊನೆಯ ಗಳಿಗೆಯಲ್ಲಿ 2–1ರಿಂದ ಸೋತಿತು. ತೌಫೀಕ್ ಬಹ್ರಾಮೊವ್‌ಗೆ ನಿಜವಾಗಿ ಕಾಣದೆ ಇದ್ದಿರಬಹುದು, ಅಲಿ ಬಿನ್ನಾಸರ್‌ಗೆ ಮರಡೋನಾನ ಬೆನ್ನು ಮರೆಯಾಗಿತ್ತು. ಅವರು ತಪ್ಪಿದರು, ಆದರೆ ತಾವು ಕಂಡದ್ದನ್ನೇ ಹೇಳಿದರು. ಈ ಕೋಣೆಯವರು ಕಂಡದ್ದನ್ನು ಹೇಳಲಾಗದೆ ಕುಳಿತರು. ಕಣ್ಣಿನ ತಪ್ಪನ್ನು ಕ್ಷಮಿಸಬಹುದು. ಇದನ್ನು ಏನೆಂದು ಕರೆಯುವುದು? ನಮ್ಮ ಕಚೇರಿಗಳ ಕಿಟಕಿಯ ಮುಂದೆ ನಿಂತವರಿಗೆ ಈ ಮಾತಿನ ಧಾಟಿ ಹೊಸದಲ್ಲ. ಸ್ವತಃ ಕಣ್ಣೆದುರು ನಿಂತಿದ್ದರೂ ದಾಖಲೆಯಲ್ಲಿ ಸತ್ತಿದ್ದೀರಿ, ನಾವೇನೂ ಮಾಡಲಾಗದು ಎನ್ನುವ ಧಾಟಿ ಅದು.

ರೀಪ್ಲೇಯ ಮೇಲೆ ಇನ್ನೊಂದು ದೂರು ಇದೆ, ಇದರಷ್ಟು ಎದ್ದು ಕಾಣದ್ದು. ಆ ಪಂದ್ಯದಲ್ಲೇ ಲಿವರ್‌ಪೂಲಿನ ಕರ್ಟಿಸ್ ಜೋನ್ಸ್‌ಗೆ ಮೊದಲು ಹಳದಿ ಚೀಟಿ ತೋರಿಸಿದ್ದ ರೆಫರಿ, ವಿಎಆರ್ ಕರೆದ ಮೇಲೆ ತೆರೆಯ ಬಳಿಗೆ ಬಂದು ನೋಡಿ ಕೆಂಪು ಚೀಟಿ ಕೊಟ್ಟರು. ತೆರೆಯಲ್ಲಿ ಅವರು ಮೊದಲು ಕಂಡದ್ದು ಸ್ತಬ್ಧಚಿತ್ರ: ಎದುರಾಳಿಯ ಮೊಣಕಾಲಿನ ಕೆಳಗೆ ಜೋನ್ಸನ ಬೂಟು ಊರಿದ ಕ್ಷಣ. ಚೆಂಡಿನ ಮೇಲಿಂದ ಆ ಬೂಟು ಜಾರಿ ಬಂದದ್ದು ಆ ಚಿತ್ರದಲ್ಲಿಲ್ಲ. 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ, ಕೊಲೆಯೊಂದರ ಕ್ಯಾಮರಾ ದೃಶ್ಯವನ್ನೂ ಅವರ ಫುಟ್‌ಬಾಲಿನ ಢಿಕ್ಕಿಗಳನ್ನೂ ಜನರಿಗೆ ತೋರಿಸಿ, ನಿಧಾನಗತಿಯಲ್ಲಿ ನೋಡಿದವರಿಗೆ ಅದೇ ಕೃತ್ಯ ಹೆಚ್ಚು ಉದ್ದೇಶಪೂರ್ವಕವಾಗಿ ಕಾಣುತ್ತದೆ ಎಂದು ತೋರಿಸಿತು. ನಿಜವೇ. ಅರೆಕ್ಷಣದ ಕೈತಪ್ಪನ್ನು ಐದು ಸೆಕೆಂಡು ಎಳೆದರೆ, ಆ ಐದು ಸೆಕೆಂಡು ಮಾಡಿದವನು ಯೋಚಿಸುತ್ತಿದ್ದ ಎಂದೇ ನಮಗೆ ಅನ್ನಿಸುತ್ತದೆ. ಕತೆ ಬರೆಯುವಾಗ ನಾವೂ ಇದೇ ಉಪಾಯ ಮಾಡುತ್ತೇವೆ. ಪಾತ್ರವೊಂದು ಕಪ್ಪು ಬೀಳಿಸಿದ್ದನ್ನು ಅರ್ಧ ಪುಟ ಬರೆದರೆ ಓದುಗ ಅದರಲ್ಲಿ ಅರ್ಥ ಹುಡುಕತೊಡಗುತ್ತಾನೆ.

ಮತ್ತೆ ಗೋಲಿನ ಸಂತೋಷ. ಚೆಂಡು ಬಲೆಗೆ ಬಿದ್ದ ಕೂಡಲೇ ಪಕ್ಕದ ಅಪರಿಚಿತನನ್ನು ತಬ್ಬಿಕೊಳ್ಳುವ ಆ ಅರೆಗಳಿಗೆಗಾಗಿಯೇ ಜನ ಮೈದಾನಕ್ಕೆ ಹೋಗುವುದು. ಈಗ ತಬ್ಬಿಕೊಂಡ ಕೈ ಅರ್ಧದಲ್ಲೇ ನಿಲ್ಲುತ್ತದೆ, ಎಲ್ಲರೂ ದೊಡ್ಡ ತೆರೆಯ ಕಡೆ ನೋಡುತ್ತಾರೆ. ಸ್ವೀಡನ್ನಿನಲ್ಲಿ ಕ್ಲಬ್ಬುಗಳ ಬಹುಪಾಲು ಮತ ಸದಸ್ಯ ಅಭಿಮಾನಿಗಳ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಅವರು ಮತ ಹಾಕಿ ವಿಎಆರ್ ಬೇಡವೆಂದರು, ಅದು ಬರಲಿಲ್ಲ. ನಾರ್ವೆಯಲ್ಲಿ ಅದಾಗಲೇ ಬಂದುಬಿಟ್ಟಿತ್ತು. 2024ರ ಜುಲೈಯಲ್ಲಿ ಒಂದು ಪಂದ್ಯಕ್ಕೆ ಅಭಿಮಾನಿಗಳು ಮೀನಿನ ವಡೆಗಳನ್ನು ತಂದು ಮೈದಾನಕ್ಕೆ ತೂರಿದರು, ಪಂದ್ಯವೇ ನಿಂತುಹೋಯಿತು. (ಮೀನಿನ ವಡೆ ದಂಡ ಮಾಡಿದ್ದು ನಮ್ಮ ಕರಾವಳಿಯವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ.) ಇಂಗ್ಲೆಂಡಿನಲ್ಲಿ ವಿಎಆರ್ ತೆಗೆಯೋಣ ಎಂದು ವುಲ್ವರ್‌ಹ್ಯಾಂಪ್ಟನ್ ತಂಡ 2024ರ ಜೂನ್‌ನಲ್ಲಿ ಗೊತ್ತುವಳಿ ತಂದಾಗ 20 ಕ್ಲಬ್ಬುಗಳಲ್ಲಿ 19 ವಿರೋಧವಾಗಿ ಮತ ಹಾಕಿದವು. ಇಂಗ್ಲೆಂಡಿನಲ್ಲಿ ಮತ ಮಾಲೀಕರದು, ಸ್ವೀಡನ್ನಿನಲ್ಲಿ ಅಭಿಮಾನಿಗಳದು. ಫಲ ಬೇರೆಯಾದದ್ದು ಕಾಕತಾಳೀಯವಲ್ಲ.

ಹಾಗಾದರೆ ನಾನೂ ಆ ವಡೆ ಎಸೆದವರ ಪರವೇ? ಅಲ್ಲ. ದೋಹಾದ ಆ ಚೆಂಡನ್ನು ಕಂಡ ಮೇಲೆ ಹಾಗೆ ಹೇಳಲು ನನಗೆ ಬಾಯಿ ಬಾರದು. ವಿಎಆರ್ ಸಾಕಾಗಿದೆ ಎನ್ನುವುದು ಉಂಡವರ ಮಾತು.

ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ 2023ರ ಮಾರ್ಚ್ 3ರಂದು ನಡೆದದ್ದನ್ನು ನೆನೆಯಿರಿ. ಐಎಸ್‌ಎಲ್ ಪ್ಲೇಆಫ್, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿದ್ದಾಗ ಛೆಟ್ರಿ ಚೆಂಡನ್ನು ಮೆಲ್ಲಗೆ ಬಲೆಗೆ ಕಳಿಸಿಬಿಟ್ಟರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ತಂಡವನ್ನು ಕರೆದುಕೊಂಡು ಮೈದಾನದಿಂದ ಹೊರನಡೆದರು. ಅವರಿಗೆ 10 ಪಂದ್ಯಗಳ ನಿಷೇಧ, 5 ಲಕ್ಷ ರೂಪಾಯಿ ದಂಡ. ಕ್ಲಬ್ಬಿಗೆ 4 ಕೋಟಿ ದಂಡ. ವಿಎಆರ್ ಇದ್ದಿದ್ದರೆ ಎಂದು ಎಲ್ಲರೂ ಬರೆದರು. ಎರಡು ವಾರಗಳ ನಂತರ ಫೈನಲ್‌ನಲ್ಲಿ ಬೆಂಗಳೂರು ಸೋತಾಗ ಬೆಂಗಳೂರಿನ ಮಾಲೀಕರೇ ವಿಎಆರ್ ತನ್ನಿ ಎಂದು ಕೂಗಿದರು! ತನಗೆ ನೋವಾದಾಗಲೇ ಎಲ್ಲರಿಗೂ ಕ್ಯಾಮರಾ ನೆನಪಾಗುವುದು.

ಆದರೆ ಮಾರ್ಚ್ 3ರ ಆ ಜಗಳವನ್ನು ಯಾವ ಕ್ಯಾಮರಾ ಬಗೆಹರಿಸುತ್ತಿತ್ತು? ಬೇಗನೆ ಫ್ರೀಕಿಕ್ ತೆಗೆದುಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಪ್ರಶ್ನೆ ಇದ್ದದ್ದು ರೆಫರಿ ಛೆಟ್ರಿಗೆ ಏನು ಹೇಳಿದರು, ಕೇರಳದವರಿಗೆ ಏನು ಹೇಳಿದರು ಎಂಬುದರಲ್ಲಿ. ಅಂದರೆ ಮಾತಿನಲ್ಲಿ. ಆ ಮಾತು ಕ್ರೀಡಾಂಗಣದಲ್ಲಿ ಸೇರಿದ್ದ ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದರೆ ಸೋತವರು ಸಂತೋಷಪಡುತ್ತಿರಲಿಲ್ಲ, ಆದರೆ ಏನಾಯಿತೆಂದು ತಿಳಿದು ಸಿಟ್ಟಾಗುತ್ತಿದ್ದರು. ಅದಕ್ಕೂ ಇದಕ್ಕೂ ವ್ಯತ್ಯಾಸವಿದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಡ್ರಿಲ್ ಮಾಸ್ತರೇ ನಮಗೆ ರೆಫರಿ. ಗೋಲೆಂದರೆ ಎರಡು ಬಿದಿರು, ಬಲೆ ಇಲ್ಲ. ಗೆರೆಯೆಂದರೆ ಸುಣ್ಣದ ಪುಡಿ. ಒಂದು ಮಳೆಗಾಲದ ಪಂದ್ಯದಲ್ಲಿ ನಮ್ಮ ಗೋಲ್‌ಕೀಪರ್ ಚೆಂಡನ್ನು ಗೆರೆಯ ಮೇಲೇ ಹಿಡಿದ ಎಂದು ನಾವು, ಒಳಗೆ ಬಿದ್ದ ಮೇಲೆ ಹಿಡಿದ ಎಂದು ಅವರು. ಮಾಸ್ತರು ಸೀಟಿ ಊದಿ ಗೋಲು ಎಂದರು. ನಾವು ಮುತ್ತಿಕೊಂಡೆವು. ಅವರು ಪ್ಯಾಂಟು ಮಡಚಿ ಕುಕ್ಕರಗಾಲಲ್ಲಿ ಕೂತು, ಎರಡೂ ಕಡೆಯ ನಾಯಕರನ್ನು ಹತ್ತಿರ ಕರೆದು, ಗೆರೆಯಾಚೆ ಒದ್ದೆ ಮಣ್ಣಿನಲ್ಲಿ ಚೆಂಡು ಬಿದ್ದು ಮೂಡಿದ ಗುಂಡಗಿನ ಗುರುತನ್ನು ಬೆರಳಿಟ್ಟು ತೋರಿಸಿದರು. ನಾನೇ ಬಗ್ಗಿ ನೋಡಿದೆ. ನಾವು ಸೋತೆವು. ಅಂದು ಜಗಳವಾಗಲಿಲ್ಲ.

ಮಾಸ್ತರರು ಮಾಡಿದ್ದನ್ನು ಮಾಡಲು ಫುಟ್‌ಬಾಲಿನ ದೊಡ್ಡವರಿಗೆ ಇಷ್ಟು ವರ್ಷ ಹಿಡಿಯಿತು. ಅಮೆರಿಕದವರ ಆಟದಲ್ಲಿ ರೆಫರಿ 1975ರಿಂದಲೇ ಮೈಕು ಕಟ್ಟಿಕೊಂಡು ತನ್ನ ತೀರ್ಪನ್ನು ಇಡೀ ಕ್ರೀಡಾಂಗಣಕ್ಕೆ ಹೇಳುತ್ತಾನೆ. ಕ್ರಿಕೆಟ್‌ನಲ್ಲಿ ಥರ್ಡ್ ಅಂಪೈರ್ ಯಾವ ಕೋನ ಕೇಳಿದರು, ಏನು ಕಂಡರು ಎಂಬುದು ನಮಗೆಲ್ಲ ಕೇಳಿಸುತ್ತದೆ. ಅವರ ತೀರ್ಪಿಗೂ ನಾವು ಬೈಯುತ್ತೇವೆ, ಆದರೆ ಬಾಗಿಲು ಮುಚ್ಚಿಕೊಂಡು ಏನೋ ಮಾಡಿದರು ಎನ್ನುವುದಿಲ್ಲ. ಫುಟ್‌ಬಾಲಿನಲ್ಲಿ ರೆಫರಿ ವಿಎಆರ್ ತೀರ್ಪನ್ನು ಬಾಯಿಬಿಟ್ಟು ಹೇಳತೊಡಗಿದ್ದು 2023ರಲ್ಲಿ. ಇಂಗ್ಲೆಂಡಿನಲ್ಲಿ ಅದರ ಪ್ರಯೋಗ 2025ರ ಜನವರಿಯಲ್ಲಿ ಆಯಿತು. ಕೋಣೆಯೊಳಗಿನ ಮಾತು ಮಾತ್ರ ಈಗಲೂ ಆ ಹೊತ್ತಿಗೆ ಕ್ರೀಡಾಂಗಣದ ಪ್ರೇಕ್ಷಕನಿಗೆ ಕೇಳಿಸುವುದಿಲ್ಲ.

ಬಡವರ ಪಂದ್ಯಗಳಿಗೂ ಒಂದು ದಾರಿ ಕಂಡಿದೆ. ನಾಲ್ಕೈದು ಕ್ಯಾಮರಾ ಇದ್ದರೂ ಸಾಕಾಗುವ, ಬೇರೆ ವಿಡಿಯೊ ರೆಫರಿಗಳೇ ಬೇಡದ ಒಂದು ಪದ್ಧತಿಯನ್ನು ಫಿಫಾ 2024ರಲ್ಲಿ ಕೊಲಂಬಿಯಾದಲ್ಲಿ ನಡೆದ 20 ವರ್ಷದೊಳಗಿನ ಮಹಿಳೆಯರ ವಿಶ್ವಕಪ್ಪಿನಲ್ಲಿ ಪ್ರಯೋಗಿಸಿತು. ಪ್ರತಿ ಕೋಚ್‌ಗೆ ಪಂದ್ಯಕ್ಕೆ ಎರಡು ಅವಕಾಶ. ಅನ್ಯಾಯವಾಯಿತು ಅನ್ನಿಸಿದರೆ ಕೋಚ್ ಬೆರಳನ್ನು ಗಾಳಿಯಲ್ಲಿ ತಿರುಗಿಸಿ, ನಾಲ್ಕನೇ ರೆಫರಿಯ ಕೈಗೆ ಒಂದು ಚೀಟಿ ಕೊಡಬೇಕು. ರೆಫರಿ ತಾನೇ ಗೆರೆಯ ಪಕ್ಕದ ತೆರೆಗೆ ಬಂದು ತನ್ನ ತೀರ್ಪನ್ನು ಮತ್ತೊಮ್ಮೆ ನೋಡುತ್ತಾನೆ.

ಇದನ್ನು ಓದಿ ಹೇಳಿದಾಗ ಅಕ್ಕನ ಮಗ ಮೊಬೈಲ್ ತೆಗೆದು ದೋಹಾದ ಆ ದೃಶ್ಯವನ್ನು ಮತ್ತೆ ಹುಡುಕಿದ. ಚೆಂಡು ಗೆರೆ ದಾಟಿದಲ್ಲಿಂದ ಬಲೆಗೆ ಬೀಳುವವರೆಗೆ ಎಣಿಸಿದ. "ಇಷ್ಟು ಚಿಕ್ಕದು ಮಾಮೂ. ನೋಡಲಿಕ್ಕೆ ಎಷ್ಟು ಹೊತ್ತು ಬೇಕಿತ್ತು ಅವರಿಗೆ?" ಎಂದ.